ಜಪಸರ ಮುಗಿದ ಮೇಲೆ



ಮಂಗಳೂರು, ಬಂಟ್ವಾಳ, ಕಾರ್ಕಳ ಕಡೆಯ ಕ್ಯಾಥೊಲಿಕರ ಹಳೆಯ ಮನೆಗಳಲ್ಲಿ ಚಾವಡಿಗೆ ಕಾಲಿಟ್ಟ ಕೂಡಲೇ ಎದುರಿಗೆ ಕಾಣುವುದು ಆಲ್ತಾರ್, ಅಂದರೆ ಗೋಡೆಗೆ ಕೂಡಿಸಿದ ದೇವರ ಪೀಠ. ನಡುವೆ ಶಿಲುಬೆ. ಒಂದು ಪಕ್ಕ ಮರಿಯಮ್ಮನವರು, ಇನ್ನೊಂದು ಪಕ್ಕ ಸಂತ ಜೋಸೆಫರೋ ಸಂತ ಅಂತೋನಿಯವರೋ. ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಹಗಲು ರಾತ್ರಿ ಉರಿಯುವ ಸಣ್ಣ ಕೆಂಪು ಬಲ್ಬು. ಪಟದ ಹಿಂದೆ ಸಿಕ್ಕಿಸಿದ, ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಗರಿ ಒಣಗಿ ಹಳದಿಯಾಗಿರುತ್ತದೆ. ಪಕ್ಕದ ಮೊಳೆಯಲ್ಲಿ ಮನೆಯವರ ಜಪಸರಗಳು ಜೋತುಬಿದ್ದಿರುತ್ತವೆ. ಬಾಸೆಲ್ ಮಿಷನ್ ಪರಂಪರೆಯ ಪ್ರಾಟೆಸ್ಟಂಟ್ ಮನೆಗೆ ಹೋದರೆ ಪ್ರತಿಮೆಗಳು ಕಾಣುವುದಿಲ್ಲ. ಅಲ್ಲಿ ಗೋಡೆಯ ಮೇಲೆ ಚೌಕಟ್ಟು ಹಾಕಿದ ವೇದವಾಕ್ಯ, ಮೇಜಿನ ಮೇಲೆ ಸತ್ಯವೇದ ಮತ್ತು ಸಂಗೀತದ ಪುಸ್ತಕ, ಕೆಲವು ಮನೆಗಳಲ್ಲಿ ಮೂಲೆಯಲ್ಲೊಂದು ಹಾರ್ಮೋನಿಯಂ.

ಮನೆಯಲ್ಲಿ ದೇವರಿಗೊಂದು ಜಾಗ ಮಾಡುವುದು ಕಷ್ಟದ ಕೆಲಸವೇನಲ್ಲ. ಒಳ್ಳೆಯ ಬಡಗಿ ಸಿಕ್ಕರೆ ವಾರದಲ್ಲಿ ಪೀಠ ಸಿದ್ಧವಾಗುತ್ತದೆ. ಗುರುಗಳು ಬಂದು ತೀರ್ಥ ಚಿಮುಕಿಸಿ ಆಶೀರ್ವದಿಸಿದರೆ ಶಾಸ್ತ್ರವೂ ಮುಗಿಯುತ್ತದೆ. ಆದರೆ ಅದೇ ಚಾವಡಿಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೆ, ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದ್ದರೆ, ಅಪ್ಪ ಕುಡಿದು ಬರುವ ಹೆಜ್ಜೆಯ ಸದ್ದಿಗೆ ಮಕ್ಕಳು ಮೂಲೆ ಸೇರುತ್ತಿದ್ದರೆ, ಆ ಮನೆಯನ್ನು ಪವಿತ್ರ ಅನ್ನಬಹುದೇ? ಕ್ರೈಸ್ತ ಮನೆಯೊಂದರ ಪಾವಿತ್ರ್ಯ ತಿಳಿಯಬೇಕಾದರೆ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ಈ ಹೊತ್ತಿನ ನನ್ನ ಮಾತೆಲ್ಲ ಅದನ್ನು ಕುರಿತದ್ದೇ.

ಕ್ರೈಸ್ತ ಧರ್ಮ ಹುಟ್ಟಿ ಬೆಳೆದದ್ದೇ ಮನೆಗಳಲ್ಲಿ. ಯೇಸುಸ್ವಾಮಿಯ ನಂತರದ ಸುಮಾರು ಮುನ್ನೂರು ವರ್ಷ ವಿಶ್ವಾಸಿಗಳು ಕೂಡುತ್ತಿದ್ದದ್ದು ಹೆಚ್ಚಾಗಿ ಯಾರಾದರೊಬ್ಬರ ಮನೆಯಲ್ಲಿ. ಗುಡಾರ ಹೊಲಿದು ಬದುಕುತ್ತಿದ್ದ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳ ಮನೆಯಲ್ಲಿ ಕೂಡುವ ಸಭೆಗೆ ಪೌಲನು ತನ್ನ ಪತ್ರದಲ್ಲಿ ವಂದನೆ ತಿಳಿಸುತ್ತಾನೆ. ಫಿಲಿಪ್ಪಿ ಪಟ್ಟಣದಲ್ಲಿ ಕೆನ್ನೇರಳೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲುದ್ಯ ಎಂಬ ಹೆಂಗಸು ಪೌಲನನ್ನೂ ಅವನ ಜೊತೆಯವರನ್ನೂ ಒತ್ತಾಯ ಮಾಡಿ ತನ್ನ ಮನೆಯಲ್ಲಿ ಉಳಿಸಿಕೊಂಡಳು. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದ ದುರಾ ಯುರೋಪಸ್ ಎಂಬ ಊರಿನಲ್ಲಿ 1930ರ ದಶಕದಲ್ಲಿ ಉತ್ಖನನ ನಡೆದಾಗ ಸುಮಾರು ಕ್ರಿ.ಶ. 240ರ ಕಾಲದ ಅಂಥದೊಂದು ಮನೆ ಸಿಕ್ಕಿತು. ಅದು ಹೊರಗಿನಿಂದ ನೋಡಿದರೆ ಆ ಬೀದಿಯ ಉಳಿದ ಮನೆಗಳಂಥದ್ದೇ ಮನೆ. ಒಳಗೆ ಮಾತ್ರ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಎಲ್ಲರೂ ಕೂರುವಷ್ಟು ದೊಡ್ಡ ಕೋಣೆ ಮಾಡಿಕೊಂಡಿದ್ದರು. ಇನ್ನೊಂದು ಸಣ್ಣ ಕೋಣೆಯಲ್ಲಿ ಜ್ಞಾನಸ್ನಾನದ ತೊಟ್ಟಿ, ಗೋಡೆಯ ಮೇಲೆ ಕುರಿಯನ್ನು ಹೆಗಲಿಗೇರಿಸಿಕೊಂಡ ಕುರುಬನ ಚಿತ್ರ.

ದೊಡ್ಡ ದೇವಾಲಯಗಳು ಎದ್ದ ಮೇಲೂ ಈ ನೆನಪು ಮರೆಯಾಗಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಅಂತಿಯೋಕ್ಯದ ಜನರಿಗೆ ಉಪದೇಶ ಮಾಡುತ್ತಿದ್ದ ಸಂತ ಜಾನ್ ಕ್ರಿಸೊಸ್ತೊಮರು, ಮನೆಗೆ ಹೋಗಿ ಎರಡು ಪಂಕ್ತಿ ಹಾಕಿರಿ, ಒಂದು ಅನ್ನದ್ದು, ಇನ್ನೊಂದು ದೇವರ ವಾಕ್ಯದ್ದು ಎಂಬರ್ಥದಲ್ಲಿ ಹೇಳಿದರು. 1529ರಲ್ಲಿ ಮಾರ್ಟಿನ್ ಲೂಥರ್ ಬರೆದ ಸಣ್ಣ ಪ್ರಶ್ನೋತ್ತರ ಪುಸ್ತಕದಲ್ಲಿ ಮನೆಯ ಯಜಮಾನ ತನ್ನ ಮನೆಮಂದಿಗೆ ಕಲಿಸಬೇಕಾದ ಪಾಠಗಳೂ ಬೆಳಗಿನ, ರಾತ್ರಿಯ, ಊಟದ ಹೊತ್ತಿನ ಪ್ರಾರ್ಥನೆಗಳೂ ಇವೆ. 1964ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆಯಿತು. ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ನಡುವೆ ನೂರೆಂಟು ವಿಷಯಗಳಲ್ಲಿ ಭಿನ್ನಾಭಿಪ್ರಾಯ ಇರಬಹುದು. ಈ ಒಂದರಲ್ಲಿ ಇಲ್ಲ.

ಇಗರ್ಜಿಯೇ ಇಲ್ಲದಂಥ ಕಾಲದಲ್ಲಿ ಮನೆ ಏನು ಮಾಡಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಬಿತ್ತು. ಮುಂದಿನ ಕೆಲವು ದಶಕಗಳಲ್ಲಿ ಗುರುಗಳೆಲ್ಲ ಇಲ್ಲವಾದರು. ಎರಡು ಶತಮಾನಕ್ಕೂ ಹೆಚ್ಚು ಕಾಲ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ಅಲ್ಲಿನ ರೈತರೂ ಬೆಸ್ತರೂ ಮನೆಯ ಉಗ್ರಾಣದ ಕತ್ತಲಲ್ಲಿ ಪಟಗಳನ್ನು ಅಡಗಿಸಿಟ್ಟು, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. ತಮ್ಮ ಮಕ್ಕಳಿಗೆ ತಾವೇ ಜ್ಞಾನಸ್ನಾನ ಕೊಟ್ಟರು. 1865ರ ಮಾರ್ಚ್ 17ರಂದು ನಾಗಾಸಾಕಿಯ ಹೊಸ ಇಗರ್ಜಿಗೆ ಹಳ್ಳಿಗರ ಗುಂಪೊಂದು ಬಂತು. ಅವರಲ್ಲೊಬ್ಬ ಹೆಂಗಸು ಫ್ರೆಂಚ್ ಗುರು ಪೆತಿಜಾನ್ ಅವರ ಕಿವಿಯ ಬಳಿ ಬಗ್ಗಿ, ನಮ್ಮದೂ ನಿಮ್ಮದೇ ವಿಶ್ವಾಸ ಎಂದು ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಗುರುಗಳು ಬೆರಗಾಗಿ ನಿಂತರು.

ನಮ್ಮ ಕರಾವಳಿಯ ಕ್ರೈಸ್ತರೂ ಅಂಥ ಕಾಲ ಕಂಡವರು. 1784ರಲ್ಲಿ ಟಿಪ್ಪು ಸುಲ್ತಾನನ ಅಪ್ಪಣೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಗುರುಗಳನ್ನು ಗಡೀಪಾರು ಮಾಡಿದ್ದರು, ಇಗರ್ಜಿಗಳು ನೆಲಸಮವಾಗಿದ್ದವು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಆ ಹದಿನೈದು ವರ್ಷ ಕಳೆದದ್ದು ಪೀಠವೂ ಗಂಟೆಯೂ ಇಲ್ಲದೆ. ಅವರ ಪಾಲಿಗೆ ಉಳಿದಿದ್ದ ಆಸರೆ ಬಾಯಿಪಾಠದ ಪ್ರಾರ್ಥನೆ ಮತ್ತು ಒಬ್ಬರಿಗೊಬ್ಬರು. ಕಟ್ಟಡ ಬಿದ್ದರೂ ವಿಶ್ವಾಸ ಉಳಿಯಬಹುದು. ಮನೆಯವರ ಮನಸ್ಸುಗಳು ಬೇರೆಯಾದರೆ ಕಟ್ಟಡ ನಿಂತಿದ್ದೂ ಪ್ರಯೋಜನವಿಲ್ಲ.

ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹಿಂದೆ ಎಲ್ಲ ಮನೆಗಳಲ್ಲೂ ಇತ್ತು, ಈಗ ಕೆಲವು ಮನೆಗಳಲ್ಲಿ ಉಳಿದಿದೆ. ಸಂಜೆ ಇಗರ್ಜಿಯ ಗಂಟೆ ಹೊಡೆದ ಮೇಲೆ ಕೈಕಾಲು ತೊಳೆದು ಎಲ್ಲರೂ ಆಲ್ತಾರಿನ ಮುಂದೆ ಮೊಣಕಾಲೂರುತ್ತಾರೆ. ಐದು ದಶಕಗಳ, ಅಂದರೆ ಹತ್ತು ಹತ್ತು ಮಣಿಗಳ ಐದು ಸುತ್ತಿನ ಜಪಸರ ನಡೆಯುತ್ತದೆ. ಸಣ್ಣ ಮಕ್ಕಳು ಮೂರನೆಯ ದಶಕಕ್ಕೇ ತೂಕಡಿಸಿ ಅಮ್ಮನ ಸೆರಗಿಗೆ ಒರಗುತ್ತಾರೆ. ಕೊನೆಗೆ ತೀರಿಕೊಂಡವರಿಗಾಗಿ ಒಂದು ಪ್ರಾರ್ಥನೆ, ಒಂದು ಸ್ತುತಿಗೀತೆ. ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲರೂ ಎದ್ದು ನಿಂತ ಮೇಲೆ ಕಿರಿಯರು ಕೈಜೋಡಿಸಿ ಒಬ್ಬೊಬ್ಬ ಹಿರಿಯರ ಮುಂದೆಯೂ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ ಕೇಳುತ್ತಾರೆ. ಅಜ್ಜನಿಂದ ಶುರುವಾಗಿ ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ಅತ್ತೆ ಎಂದು ಸರದಿ ಸಾಗುತ್ತದೆ. ಮದುವೆಯಾಗಿ ಮಕ್ಕಳಿರುವ ಮಗನೂ ಅಪ್ಪನ ಮುಂದೆ ಕೈಮುಗಿದು ನಿಲ್ಲಬೇಕು. ಹಿರಿಯರು ಕೈಯೆತ್ತಿ ದೇವರು ಒಳ್ಳೆಯದು ಮಾಡಲಿ ಎಂದು ಹರಸುತ್ತಾರೆ.

ಈ ಪದ್ಧತಿಯಲ್ಲಿ ಒಬ್ಬರನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಬೆಳಿಗ್ಗೆ ತೋಟದ ಪಾಲಿನ ಮಾತಿಗೆ ಅಪ್ಪ ಮಗ ಜೋರು ಜಗಳ ಮಾಡಿಕೊಂಡಿದ್ದಾರೆ ಅನ್ನಿ. ಮಧ್ಯಾಹ್ನ ಒಬ್ಬ ಉಂಡ ಮೇಲೆ ಇನ್ನೊಬ್ಬ ಉಂಡಿದ್ದಾನೆ. ಸಂಜೆ ಜಪಸರದಲ್ಲಿ ಇಬ್ಬರೂ ಗೋಡೆಯ ಕಡೆಗೇ ಮುಖ ಮಾಡಿ ಪ್ರಾರ್ಥಿಸಿದ್ದಾರೆ, ಆ ತನಕ ತೊಂದರೆಯಿಲ್ಲ. ಈಗ ಮಗ ಬೆಸಾಂವ್ ಕೇಳಬೇಕು. ಅಜ್ಜನ ಮುಂದೆ ನಿಂತದ್ದಾಯಿತು, ಅಜ್ಜಿಯ ಮುಂದೆ ನಿಂತದ್ದಾಯಿತು, ಮುಂದಿನ ಹೆಜ್ಜೆ ಅಪ್ಪನ ಮುಂದೆ. ಮಗ ತಲೆ ತಗ್ಗಿಸಿದ್ದಾನೆ. ಅಪ್ಪ ಒಂದು ಗಳಿಗೆ ತಡೆಯುತ್ತಾನೆ, ಆಮೇಲೆ ಕೈ ಮೇಲೇಳುತ್ತದೆ. ಪಾಲಿನ ವಿಷಯ ಅಷ್ಟಕ್ಕೇ ಬಗೆಹರಿಯುವುದಿಲ್ಲ, ನಾಳೆ ಮತ್ತೆ ಮಾತಾಡಬೇಕು. ಆದರೆ ಹರಸಿದವನೂ ಹರಸಿಕೊಂಡವನೂ ನಾಳೆ ಮಾತಾಡುವ ದನಿ ಬೇರೆ.

ಯೇಸುಸ್ವಾಮಿ ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ಹೇಳಿದ್ದೂ ಇದನ್ನೇ. ಕಾಣಿಕೆ ಹಿಡಿದು ಪೀಠದ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಿ ರಾಜಿಯಾಗು, ಆಮೇಲೆ ಬಾ ಎಂಬುದು ಅವರ ಮಾತಿನ ತಾತ್ಪರ್ಯ. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಅವರು ಹೇಳುವುದಿಲ್ಲ, ಅವನಿಗೆ ನಿನ್ನ ಮೇಲಿದ್ದರೆ ಅನ್ನುತ್ತಾರೆ. ತಪ್ಪು ಯಾರದೇ ಇರಲಿ, ಮೊದಲ ಹೆಜ್ಜೆ ನಿನ್ನದು. ಹೊತ್ತು ಮುಳುಗುವ ಮೊದಲು ಸಿಟ್ಟು ಇಳಿಸಿಕೊಳ್ಳಿ ಎಂದು ಪೌಲನೂ ಎಫೆಸದವರಿಗೆ ಬುದ್ಧಿ ಹೇಳಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಕೊಟ್ಟ ಗಡುವೂ ಹೆಚ್ಚು ಕಡಿಮೆ ಅಷ್ಟೇ.

ನಮ್ಮ ಮನೆಗಳಲ್ಲಿ ಗಂಡ ಹೆಂಡಿರು ಒಬ್ಬರನ್ನೊಬ್ಬರು ಬಾಯಿಬಿಟ್ಟು ಕ್ಷಮೆ ಕೇಳುವುದು ಕಡಿಮೆ. ಮಾತು ಬಿಟ್ಟ ದಿನ ಅಮ್ಮ ಅಡುಗೆಮನೆಯಿಂದಲೇ ಮಗುವನ್ನು ಕಳಿಸುತ್ತಾಳೆ: ಹೋಗು, ಅಪ್ಪನನ್ನು ಊಟಕ್ಕೆ ಕರೆ. ಅಪ್ಪ ಎರಡು ಸಲ ಕರೆಸಿಕೊಂಡು ಬರುತ್ತಾನೆ. ಬಂದವನು ಸಾರಿಗೆ ಉಪ್ಪು ಕಡಿಮೆಯಿದ್ದರೂ ಈ ದಿನ ಏನೂ ಅನ್ನುವುದಿಲ್ಲ. ರಾಜಿ ಆದ ಹಾಗೆ. ಇದೂ ಚೆನ್ನಾಗಿಯೇ ಇದೆ. ಆದರೆ ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯನ್ನು ಕುರಿತು ಹೊರಡಿಸಿದ ಪತ್ರದಲ್ಲಿ, ಮನೆಯೊಳಗೆ ಮೂರು ಮಾತುಗಳನ್ನು ಧಾರಾಳವಾಗಿ ಆಡಬೇಕು ಅನ್ನುತ್ತಾರೆ. ಕೇಳಿ ಮಾಡುವ ಮಾತು, ಉಪಕಾರ ನೆನೆಯುವ ಮಾತು, ತಪ್ಪಾಯಿತು ಅನ್ನುವ ಮಾತು. ಅಪ್ಪ ಅಮ್ಮ ಜಗಳವಾಡಿದ್ದು ಮಕ್ಕಳ ಕಿವಿಗೆ ಬಿದ್ದಿರುತ್ತದೆ. ರಾಜಿಯಾದದ್ದು ಕಿವಿಗೆ ಬಿದ್ದಿರುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಹೀಗೆಯೇ. ಅದಕ್ಕೇ ಒಮ್ಮೊಮ್ಮೆ ಮಕ್ಕಳ ಮುಂದೆಯೇ ತಪ್ಪಾಯಿತು ಅನ್ನಬೇಕು.

ಪವಿತ್ರ ಹೃದಯದ ಪಟದ ವಿಷಯಕ್ಕೆ ಬರುತ್ತೇನೆ. ಯೇಸುವಿನ ಹೃದಯದ ಭಕ್ತಿ 17ನೆಯ ಶತಮಾನದಲ್ಲಿ ಫ್ರಾನ್ಸಿನ ಸನ್ಯಾಸಿನಿ ಸಂತ ಮಾರ್ಗರೆಟ್ ಮೇರಿ ಅಲಕೋಕ್ ಅವರಿಂದ ಹರಡಿತು. ಆ ಪಟವನ್ನು ವಿಧಿವತ್ತಾಗಿ ಮನೆಯಲ್ಲಿ ಪ್ರತಿಷ್ಠಾಪಿಸಿ, ಕುಟುಂಬವನ್ನು ಯೇಸುವಿಗೆ ಒಪ್ಪಿಸುವ ಪದ್ಧತಿಯನ್ನು 1907ರಿಂದ ಊರೂರಿಗೆ ಸಾರಿದವರು ಪೆರು ದೇಶದಲ್ಲಿ ಹುಟ್ಟಿದ ಫಾದರ್ ಮತೆಯೊ ಕ್ರಾಲಿ. ಆ ಚಿತ್ರವನ್ನು ಸರಿಯಾಗಿ ನೋಡಿದ್ದೀರಾ? ಹೃದಯ ಎದೆಯೊಳಗೆ ಅಡಗಿಲ್ಲ, ಹೊರಗೆ ಕಾಣುತ್ತಿದೆ. ಮುಳ್ಳು ಸುತ್ತಿಕೊಂಡಿದೆ, ಇರಿದ ಗಾಯವಿದೆ, ಆ ಗಾಯದ ಮೇಲೆಯೇ ಬೆಂಕಿ ಉರಿಯುತ್ತಿದೆ. ತನ್ನ ನೋವನ್ನು ಮುಚ್ಚಿಡದ ಹೃದಯ ಅದು. ಅದರ ಕೆಳಗೆ ಕೂತು ಊಟ ಮಾಡುವ ಮನೆಮಂದಿ ತಮ್ಮ ತಮ್ಮ ನೋವನ್ನು ಮಾತ್ರ ವರ್ಷಗಟ್ಟಲೆ ಅದುಮಿಟ್ಟುಕೊಂಡಿರುತ್ತಾರೆ. ಪರೀಕ್ಷೆಯಲ್ಲಿ ಸೋತ ಮಗನಿಗೆ ಹೇಳಲು ಭಯ, ಸಾಲ ಮಾಡಿದ ಅಪ್ಪನಿಗೆ ಹೇಳಲು ನಾಚಿಕೆ, ಹೊಸದಾಗಿ ಬಂದ ಸೊಸೆಗೆ ಹೇಳಲು ಯಾರೂ ಇಲ್ಲ. ಹೇಳಿಕೊಂಡವರನ್ನು ಬೈಯದೆ ಕೇಳಿಸಿಕೊಳ್ಳುವ ಮನೆಯಲ್ಲಿ ಆ ಪಟದ ಪ್ರತಿಷ್ಠಾಪನೆ ನಿಜವಾಗಿ ಆಗಿದೆ.

ಇದನ್ನೆಲ್ಲ ಕೇಳುವಾಗ ಕೆಲವರಿಗೆ ಅನ್ನಿಸಬಹುದು: ನಮ್ಮ ಮನೆ ಅಷ್ಟು ಚೆಂದವಾಗಿಲ್ಲ, ನಮಗಿದೆಲ್ಲ ಎಲ್ಲಿಯದು? ಗಂಡನಿಲ್ಲದೆ ಮಕ್ಕಳನ್ನು ಸಾಕುವ ತಾಯಿ ಇದ್ದಾಳೆ, ಮಗನ ಕುಡಿತಕ್ಕೆ ಸೋತ ಅಪ್ಪ ಅಮ್ಮ ಇದ್ದಾರೆ, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವವರು ಇದ್ದಾರೆ. ಅವರಿಗೆ ನಜರೇತಿನ ಕುಟುಂಬವನ್ನು ನೆನಪಿಸುತ್ತೇನೆ. ಪೋಪ್ ಹದಿಮೂರನೆಯ ಲಿಯೋ 1893ರಲ್ಲಿ ಪವಿತ್ರ ಕುಟುಂಬದ ಹಬ್ಬವನ್ನು ಗೊತ್ತುಮಾಡಿದರು. ಆದರೆ ಆ ಕುಟುಂಬದ ಬದುಕು ಕ್ಯಾಲೆಂಡರಿನ ಚಿತ್ರದಷ್ಟು ನಿರಾಳವಾಗಿರಲಿಲ್ಲ. ಹೆರಿಗೆಗೆ ಛತ್ರದಲ್ಲಿ ಜಾಗ ಸಿಗಲಿಲ್ಲ. ರಾಜನ ಕತ್ತಿಗೆ ಹೆದರಿ ಹಸುಗೂಸನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಬೇಕಾಯಿತು. ಹನ್ನೆರಡು ವರ್ಷದ ಮಗ ಹಬ್ಬದ ಜಂಗುಳಿಯಲ್ಲಿ ತಪ್ಪಿಸಿಕೊಂಡಾಗ ಮೂರು ದಿನ ಹುಡುಕಿದರು. ಸಿಕ್ಕಿದಾಗ ಅವನು ಕೊಟ್ಟ ಉತ್ತರ ತಂದೆ ತಾಯಿಗೆ ಅರ್ಥವಾಗಲಿಲ್ಲ. ಹರೆಯದ ಮಕ್ಕಳಿರುವ ಯಾವ ಮನೆಗೆ ಈ ಅನುಭವ ಇಲ್ಲ? ಯೇಸು ತಮ್ಮ ಆಯುಷ್ಯದ ಸುಮಾರು ಮೂವತ್ತು ವರ್ಷ ಆ ಮನೆಯಲ್ಲೇ, ಮರಗೆಲಸದ ನಡುವೆ ಕಳೆದರು. ಪೋಪ್ ಆರನೆಯ ಪೌಲರು 1964ರ ಜನವರಿಯಲ್ಲಿ ನಜರೇತಿಗೆ ಹೋಗಿದ್ದಾಗ, ಈ ಮನೆ ಕಲಿಸುವ ಪಾಠಗಳು ಮೌನ, ಕುಟುಂಬ ಜೀವನ ಮತ್ತು ದುಡಿಮೆ ಎಂದು ಹೇಳಿದರು.

ಮೌನದ ಮಾತು ಬಂದದ್ದರಿಂದ ಒಬ್ಬೊಬ್ಬರ ಒಳಗಿನ ಪ್ರಾರ್ಥನೆಯ ವಿಷಯವನ್ನೂ ಹೇಳಬೇಕು. ಎಲ್ಲರೂ ಕೂಡಿ ಮಾಡುವ ಪ್ರಾರ್ಥನೆಯ ಜೊತೆಗೆ ಒಬ್ಬೊಬ್ಬರಿಗೂ ತಮ್ಮದೇ ಒಂದು ಒಳಕೋಣೆ ಬೇಕು. ಕೋಣೆಯ ಬಾಗಿಲು ಮುಚ್ಚಿ ಗುಟ್ಟಾಗಿ ಪ್ರಾರ್ಥಿಸು ಎಂದು ಯೇಸು ಕಲಿಸಿದರು. ತುಂಬಿದ ಮನೆಯಲ್ಲಿ ಅಂಥ ಕೋಣೆ ಎಲ್ಲಿಂದ ತರುವುದು? ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವಳು. ಮಕ್ಕಳ ಗದ್ದಲದ ನಡುವೆ ಕುರ್ಚಿಯಲ್ಲಿ ಕೂತು, ಅಡುಗೆ ಮಾಡುವಾಗ ಕಟ್ಟುವ ಮೇಲ್ವಸ್ತ್ರವನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದಳಂತೆ. ಅಮ್ಮ ಮುಖ ಮುಚ್ಚಿಕೊಂಡಿದ್ದಾಳೆ ಅಂದರೆ ಸದ್ದು ಮಾಡಬಾರದು ಎಂದು ಮಕ್ಕಳಿಗೆ ತಿಳಿದಿತ್ತು ಎಂದು ಹೇಳುತ್ತಾರೆ. ಜೆಸ್ವಿಟ್ ಸಭೆಯ ಸ್ಥಾಪಕ ಸಂತ ಇಗ್ನೇಷಿಯಸರು ಕಲಿಸಿದ ಇನ್ನೊಂದು ದಾರಿಯಿದೆ. ರಾತ್ರಿ ಮಲಗುವ ಮೊದಲು ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತು ದಿನವನ್ನು ಬೆಳಗಿನಿಂದ ಹಿಂದಿರುಗಿ ನೋಡುವುದು. ಒಳ್ಳೆಯದಕ್ಕೆ ದೇವರನ್ನು ನೆನೆಯುವುದು, ಎಲ್ಲಿ ಎಡವಿದೆ ಎಂದು ಕಂಡುಕೊಳ್ಳುವುದು, ನಾಳೆ ಏನು ಸರಿಮಾಡುತ್ತೇನೆ ಎಂದು ನಿಶ್ಚಯಿಸುವುದು. ಹೀಗೆ ಕೂತವನಿಗೆ ಹೆಂಡತಿಯ ತಪ್ಪಿನ ಪಟ್ಟಿ ನೆನಪಾಗುವ ಮೊದಲು ತನ್ನದೇ ನೆನಪಾಗುತ್ತದೆ.

ನಮ್ಮಲ್ಲಿ ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯಿದೆ. ಇಗರ್ಜಿಯ ಸಮಿತಿಗಳಲ್ಲಿ, ಸಭೆಯ ಸಂಘಗಳಲ್ಲಿ ದುಡಿಯುವ ನಾವೆಲ್ಲರೂ ಇದನ್ನು ಆಗಾಗ ನೆನೆಯುವುದು ಒಳ್ಳೆಯದು. ಹಾಗೆಂದು ಮನೆಯ ಬಾಗಿಲು ಹಾಕಿಕೊಂಡು ನಮ್ಮಷ್ಟಕ್ಕೆ ನಾವು ಪವಿತ್ರರಾಗುವುದೂ ಸಾಧ್ಯವಿಲ್ಲ. ಜೆರಿಕೊ ಪಟ್ಟಣದ ಸುಂಕದ ಅಧಿಕಾರಿ ಜಕ್ಕಾಯನ ಮನೆಗೆ ಯೇಸು ತಾವಾಗಿಯೇ ಹೋದರು. ಆ ಮನೆ ಉದ್ಧಾರವಾಯಿತು ಎಂದು ಅವರು ಹೇಳಿದ್ದು ಊಟದ ಸಡಗರ ನೋಡಿ ಅಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಅವನು ಎದ್ದು ನಿಂತು ಹೇಳಿದ ಮೇಲೆ. ಮನೆಗೆಲಸದವಳ ಸಂಬಳ, ಅವಳು ಉಣ್ಣುವ ತಟ್ಟೆ, ತಮ್ಮನಿಗೆ ಬರಬೇಕಾದ ಪಾಲು, ನೆರೆಯವನ ಬೇಲಿ, ಇವೆಲ್ಲವೂ ಮನೆಯ ಪಾವಿತ್ರ್ಯದ ಲೆಕ್ಕಕ್ಕೆ ಸೇರುತ್ತವೆ.

ಕರಾವಳಿಯ ಮೊಂತಿ ಫೆಸ್ತ್ ನನಗೆ ಇಷ್ಟವಾಗುವುದು ಈ ಕಾರಣಕ್ಕೇ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಫರಂಗಿಪೇಟೆಯ ಮೊಂತೆ ಮಾರಿಯಾನೊ ಇಗರ್ಜಿಯ ಹೆಸರಿನೊಂದಿಗೆ ಬೆಸೆದುಕೊಂಡ ಹಬ್ಬ ಇದು. ಒಂಬತ್ತು ದಿನ ಮಕ್ಕಳು ತೋಟದ, ಬೇಲಿಯ ಹೂಗಳನ್ನು ಬುಟ್ಟಿ ತುಂಬ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಪ್ರತಿ ಕುಟುಂಬಕ್ಕೂ ಕೊಡುತ್ತಾರೆ. ಮನೆಯಲ್ಲಿ ಅದನ್ನು ಆಲ್ತಾರಿನ ಮೇಲಿಟ್ಟು ಪ್ರಾರ್ಥಿಸಿ, ಕಾಳು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಬರೀ ತರಕಾರಿಯ ಊಟ. ಮುಂಬಯಿಯಲ್ಲೋ ಕುವೈತಿನಲ್ಲೋ ಇರುವ ಮಗನಿಗೆಂದು ನಾಲ್ಕು ಕಾಳು ಕಾಗದದ ಪೊಟ್ಟಣ ಸೇರುತ್ತದೆ. ದೂರವಿದ್ದವನಿಗೂ ಒಂದು ಪಾಲು. ಕ್ರಿಸ್ತಜಯಂತಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುವುದು ಇದೇ ಮನಸ್ಸಿನಿಂದ.

ಈಗ ಮನೆಗಳು ಸಣ್ಣವಾಗಿವೆ, ಹೊತ್ತು ಇಲ್ಲ, ಒಬ್ಬೊಬ್ಬರ ಕೈಯಲ್ಲೂ ಮೊಬೈಲ್ ಇದೆ ಎಂಬುದು ನಿಜ. ಹಾಗೆಂದು ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅಮೆರಿಕದ ಫಾದರ್ ಪ್ಯಾಟ್ರಿಕ್ ಪೇಟನ್ 1945ರಲ್ಲಿ ರೇಡಿಯೋದಲ್ಲೇ ಕುಟುಂಬ ಜಪಸರದ ಕಾರ್ಯಕ್ರಮ ಮಾಡಿ ಹೆಸರಾದವರು. ಕೂಡಿ ಪ್ರಾರ್ಥಿಸುವ ಕುಟುಂಬ ಕೂಡಿ ಬಾಳುತ್ತದೆ ಎಂಬ ಘೋಷಣೆ ಜಗತ್ತಿಗೆಲ್ಲ ಮುಟ್ಟಿದ್ದು ಅವರಿಂದ. 2020ರ ಲಾಕ್‌ಡೌನಿನಲ್ಲಿ ಇಗರ್ಜಿಗಳ ಬಾಗಿಲು ಮುಚ್ಚಿದ್ದಾಗ ನಾವು ಪಾಸ್ಖ ಹಬ್ಬವನ್ನು ಆಚರಿಸಿದ್ದೂ ಟೀವಿ, ಮೊಬೈಲಿನ ಪರದೆಯ ಮುಂದೆ. ಗಲ್ಫಿನಲ್ಲಿರುವ ಮಗ ವೀಡಿಯೋ ಕರೆಯಲ್ಲಿ ಅಮ್ಮನ ಜೊತೆ ಜಪಸರ ಹೇಳಿದರೆ ಅದೂ ಕುಟುಂಬ ಪ್ರಾರ್ಥನೆಯೇ. ಇಡೀ ಜಪಸರಕ್ಕೆ ಹೊತ್ತಿಲ್ಲದಿದ್ದರೆ ಒಂದು ದಶಕ ಸಾಕು, ಶುಭಸಂದೇಶದ ನಾಲ್ಕು ಸಾಲು ಸಾಕು. ಆದರೆ ಅದಾದ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡುವ ಐದು ನಿಮಿಷವನ್ನು ಮಾತ್ರ ಯಾವುದಕ್ಕೂ ಬಿಟ್ಟುಕೊಡಬೇಡಿ.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು. ಬೆಸಾಂವ್ ಕೇಳುವ ಪದ್ಧತಿಯಲ್ಲಿ ಬಾಗುವವರು ಯಾವಾಗಲೂ ಕಿರಿಯರೇ. ಆದರೆ ಕೊನೆಯ ಭೋಜನದ ರಾತ್ರಿ ಬೋಗುಣಿಯಲ್ಲಿ ನೀರು ಹಿಡಿದು, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯಲು ಬಾಗಿದವರು ಗುರುವೇ. ಮಗಳ ಮೇಲೆ ವಿನಾಕಾರಣ ರೇಗಿದ್ದರೆ, ಸೊಸೆಯ ಬಗ್ಗೆ ನೆಂಟರ ಮುಂದೆ ಹಗುರವಾಗಿ ಮಾತಾಡಿದ್ದರೆ, ಈ ರಾತ್ರಿ ಅವರಾಗಿ ಬರುವ ತನಕ ಕಾಯಬೇಡಿ. ನೀವೇ ಎದ್ದು ಅವರ ಹತ್ತಿರ ಹೋಗಿ. ಕಿರಿಯರು ಆಶೀರ್ವಾದ ಕೇಳುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಹಿರಿಯರು ಕ್ಷಮೆ ಕೇಳುವ ಪದ್ಧತಿಯನ್ನೂ ಅದರ ಜೊತೆಗೆ ಸೇರಿಸೋಣ.